ಎರಡನೆಯ ಬ್ರೇಕು

ಖಟ್. ಎಂಜಿನ್ ಆರಿಹೋದ ಸದ್ದು. ಆಮೇಲೆ ಒಂದು ಗಳಿಗೆ ಏನೂ ಇಲ್ಲ; ಏರಿನ ಮಧ್ಯದಲ್ಲಿ ನಿಂತ ಕಾರಿನೊಳಗೆ ಯಾರೋ ಉಸಿರು ಬಿಗಿಹಿಡಿದಿದ್ದಾರೆ ಎಂದು ಬೀದಿಗೆಲ್ಲ ಗೊತ್ತಾಗುವಷ್ಟು ಮೌನ. ಮತ್ತೆ ಕೀಲಿ ತಿರುಗಿಸಿದ ಸದ್ದು, ಎಂಜಿನ್ನಿನ ಗೊಣಗಾಟ, ಮತ್ತೆ ಖಟ್.

ಆ ಏರುಬೀದಿಯಲ್ಲಿ ಬೆಳಗಾಗುತ್ತಿದ್ದುದು ಹೀಗೆ. ಕಿಟಕಿಯ ಹತ್ತಿರ ಹಲ್ಲುಜ್ಜುತ್ತ ನಿಂತವರು "ಹೊಸಬರು" ಎಂದುಕೊಂಡು ಒಳಗೆ ಹೋಗುತ್ತಿದ್ದರು. ಯಾರೂ ಹೊರಗೆ ಬಂದು ನೋಡುತ್ತಿರಲಿಲ್ಲ. ಕಾರು ಹಿಂದಕ್ಕೆ ಜಾರಿ ಯಾರ ಗೇಟನ್ನೂ ಮುರಿಯುವುದಿಲ್ಲ ಎಂಬ ಭರವಸೆ ಎಲ್ಲರಿಗೂ ಇತ್ತು. ಕಲಿಯುವವರ ಪಕ್ಕದ ಸೀಟಿನಲ್ಲಿ ಬ್ರೇಕಕ್ಕ ಇರುತ್ತಿದ್ದಳು.

ಮನೆಯವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಬಳಸುವವರು ಯಾರೂ ಉಳಿದಿರಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲ ಬಳಿ ಇನ್ನೊಂದು ಬ್ರೇಕು ಇರುತ್ತದೆ. ಓಡಿಸುವವರು ಗಾಬರಿಯಾಗಿ ಎಲ್ಲವನ್ನೂ ಬಿಟ್ಟು ಕಣ್ಣು ಮುಚ್ಚಿಕೊಂಡರೆ ಪಕ್ಕದವರು ಅದನ್ನು ತುಳಿದು ಕಾರು ನಿಲ್ಲಿಸಬಹುದು. ಬೇರೆ ಕಲಿಸುವವರಿಗೆ ಅದು ಆಪತ್ತಿಗೆಂದು ಇಟ್ಟ ವಸ್ತು, ಕಚೇರಿಯ ಗೋಡೆಗೆ ತೂಗುಹಾಕಿದ ಬೆಂಕಿ ಆರಿಸುವ ಸಿಲಿಂಡರಿನ ಹಾಗೆ. ಬ್ರೇಕಕ್ಕನಿಗೆ ಅದು ಕಸುಬು. ನಾಯಿ ಅಡ್ಡ ಬರುವ ಮೊದಲೇ, ಅಡ್ಡ ಹೋಗಬೇಕೆಂದು ನಾಯಿಗೆ ಹೊಳೆಯುವ ಮೊದಲೇ, ಅವಳ ಕಾಲು ಕೆಳಗಿಳಿದಿರುತ್ತಿತ್ತು. ಎಷ್ಟು ನಯವಾಗಿ ಎಂದರೆ ಸ್ಟೀರಿಂಗ್ ಹಿಡಿದವರಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಕಾರು ತಾನೇ ಯೋಚನೆ ಮಾಡಿ ನಿಂತ ಹಾಗಿರುತ್ತಿತ್ತು.

"ನೋಡಿ, ಎಷ್ಟು ಚೆನ್ನಾಗಿ ನಿಲ್ಲಿಸಿದ್ರಿ," ಎನ್ನುತ್ತಿದ್ದಳು. ಅದು ಸುಳ್ಳೆಂದು ಅವಳಿಗೆ ಅನಿಸಿರಲಿಲ್ಲ. ಧೈರ್ಯ ತುಂಬುವ ಮಾತು ಎಂದುಕೊಂಡಿದ್ದಳು.

ಅವಳು ಆ ಸ್ಕೂಲಿಗೆ ಬಂದದ್ದು ಫೋನೆತ್ತುವ ಕೆಲಸಕ್ಕೆ. ಕಲಿಸುತ್ತಿದ್ದುದು ಮಾಲೀಕರೇ. ಅವರ ಪಾಠದ ಮುಖ್ಯ ಭಾಗ ಕೂಗಾಟ. ಅವರ ಕೈಕೆಳಗೆ ಕಾರು ಕಲಿಯುವಾಗ ಬ್ರೇಕಕ್ಕ ಎಷ್ಟು ಬೈಸಿಕೊಂಡಿದ್ದಳೆಂದರೆ, ಲೈಸೆನ್ಸ್ ಕೈಗೆ ಬಂದ ದಿನ ಖುಷಿಯ ಬದಲು ಕಿವಿಗೆ ತಂಪಾದ ಹಾಗಾಗಿತ್ತು. ಆಮೇಲೆ ಒಂದು ದಿನ ಮಾಲೀಕರು, "ಹೆಂಗಸರು ಕಲಿಯೋಕೆ ಬರ್ತಾರೆ, ನಾನು ಎರಡು ಮಾತಾಡಿದ್ರೆ ಅಳ್ತಾ ಮನೆಗೆ ಹೋಗ್ತಾರೆ. ನೀನು ಕೂತ್ಕೋ ಅವರ ಪಕ್ಕ," ಎಂದರು. ಅವಳು ಕೂತಳು. ತನ್ನ ಕಾರಿನಲ್ಲಿ ಯಾರೂ ಹೆದರಬಾರದು ಎಂದು ನಿಶ್ಚಯಿಸಿಕೊಂಡಳು. ಹೆದರಿದವರನ್ನು ಸಮಾಧಾನ ಮಾಡುವುದಕ್ಕಿಂತ ಹೆದರಿಕೆಯೇ ಬರದ ಹಾಗೆ ನೋಡಿಕೊಳ್ಳುವುದು ಸುಲಭ ಎಂದು ಬೇಗ ಗೊತ್ತಾಯಿತು. ಅದಕ್ಕೆ ಕಾಲು ಸಾಕಿತ್ತು.

ಹೆಂಗಸರು ಕಾರು ಓಡಿಸಬೇಕು ಎಂಬುದರಲ್ಲಿ ಅವಳಿಗೆ ನಿಜವಾದ ನಂಬಿಕೆ ಇತ್ತು. "ಕೈಗೆ ಸ್ಟೀರಿಂಗ್ ಬಂದ ಮೇಲೆ ಮನೆಯವರು ಎಲ್ಲಿಗೆ ಹೋಗ್ತೀಯ ಅಂತ ಕೇಳಲ್ಲ, ಎಷ್ಟೊತ್ತಿಗೆ ಬರ್ತೀಯ ಅಂತ ಕೇಳ್ತಾರೆ. ಸದ್ಯಕ್ಕೆ ಅಷ್ಟು ಬದಲಾದ್ರೆ ಸಾಕು," ಎಂದು ಹೊಸಬರಿಗೆ ಹೇಳುತ್ತಿದ್ದಳು. ಅವಳ ಕೈಯಲ್ಲಿ ಕಲಿತವರಲ್ಲಿ ಫೇಲಾದವರು ಇರಲಿಲ್ಲ. ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಹಿಂದಿನ ಸೀಟಿನಿಂದ ಎರಡು ತಲೆ ಕಾಣುತ್ತವೆ; ಕಾಲುಗಳು ಕಾಣುವುದಿಲ್ಲ.

ಹೀಗಾಗಿ ಊರಿನ ತುಂಬ ಲೈಸೆನ್ಸ್ ಇರುವ ಹೆಂಗಸರಿದ್ದರು, ಮತ್ತು ಅವರ ಭಾನುವಾರಗಳೆಲ್ಲ ಬ್ರೇಕಕ್ಕನ ಪಾಲಿಗೆ ಬರುತ್ತಿದ್ದವು.

"ಬ್ರೇಕಕ್ಕ, ನಾಡಿದ್ದು ಪುರುಸೊತ್ತಿದೆಯಾ? ಅಮ್ಮನ್ನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು. ಓಡಿಸೋದು ನಾನೇ. ನೀವು ಸುಮ್ನೆ ಪಕ್ಕದಲ್ಲಿ ಕೂತ್ರೆ ಆಯ್ತು."

ಅವಳು ಹೋಗಿ ಸುಮ್ಮನೆ ಕೂರುತ್ತಿದ್ದಳು. ಅವರ ಸ್ವಂತ ಕಾರುಗಳಲ್ಲಿ ಎರಡನೆಯ ಬ್ರೇಕು ಇರದ ಕಾರಣ ಬಾಯಲ್ಲಿ ಹೇಳಿ ನಿಲ್ಲಿಸಬೇಕಾಗುತ್ತಿತ್ತು: ನಿಧಾನ, ನಿಧಾನ, ಈಗ ಒತ್ತಿ, ಹಾಂ. ಹೇಳುವಾಗ ಕಾಲೂ ತನ್ನ ಪಾಡಿಗೆ ಕೆಳಗಿನ ಚಾಪೆಯನ್ನು ಒತ್ತುತ್ತಿತ್ತು. ಪಕ್ಕದ ಸೀಟಿನ ಮುಂದೆ ಚಾಪೆ ಸವೆದ ಕಾರು ಕಂಡರೆ ಮೆಕ್ಯಾನಿಕ್ಕು ಏನೂ ಕೇಳುತ್ತಿರಲಿಲ್ಲ. ಬ್ರೇಕಕ್ಕನ ಶಿಷ್ಯೆಯರದು ಎಂದು ತಿಳಿದುಕೊಳ್ಳುತ್ತಿದ್ದ. ಮನೆಗೆ ಬಿಟ್ಟುಬರುತ್ತೇವೆ ಎಂದು ಅವರು ಹೇಳುವ ಹಾಗಿರಲಿಲ್ಲ. ಬಿಟ್ಟ ಮೇಲೆ ವಾಪಸು ಹೋಗುವಾಗ ಪಕ್ಕದಲ್ಲಿ ಕೂರುವವರು ಯಾರು? ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು ಎಲ್ಲ ಕಡೆಗೂ ನಡೆದೇ ಓಡಾಡುತ್ತಿದ್ದಳು. ನಡಿಗೆ ಚುರುಕಾಗಿತ್ತು. ತನ್ನ ಅಗತ್ಯ ಇಷ್ಟು ಜನಕ್ಕಿದೆ ಎಂಬ ತಿಳಿವಳಿಕೆ ಮೊಣಕಾಲಿಗೆ ಒಳ್ಳೆಯದೇನೋ.

ಒಂದು ಸಲ ಅವಳು ಜ್ವರದಿಂದ ಮಲಗಿದಾಗ ಅವಳ ಶಿಷ್ಯೆ, ಗ್ರಂಥಾಲಯದ ಮೇಡಂ, ಒಬ್ಬರೇ ಕಾರು ತೆಗೆದರು. ಪೇಟೆಯವರೆಗೆ ಚೆನ್ನಾಗಿಯೇ ಹೋದರು. ಅಲ್ಲಿ ಪೀಠೋಪಕರಣದ ಅಂಗಡಿಯವನು ಬಾಗಿಲ ಮುಂದೆ ಒಂದು ಸೋಫಾ ಇಟ್ಟು ಅದರ ಮೇಲೆ ಕೂತು ಪೇಪರ್ ಓದುತ್ತಿದ್ದ. ಕಾರು ಬಹಳ ಮೆಲ್ಲಗೆ ಬಂದು ಸೋಫಾವನ್ನು, ಅಂಗಡಿಯವನನ್ನು, ಪೇಪರನ್ನು ಒಟ್ಟಿಗೆ ಅಂಗಡಿಯ ಒಳಕ್ಕೆ ದೂಡಿತು. ಯಾರಿಗೂ ಏನೂ ಆಗಲಿಲ್ಲ. ಸೋಫಾ ಒಳ್ಳೆಯದಿತ್ತು.

ಮರುದಿನ ಮೇಡಂ ಸ್ಕೂಲಿಗೆ ದೂರು ತಂದರು. ಬ್ರೇಕಕ್ಕ ಕೊರಳಿಗೆ ಬಟ್ಟೆ ಸುತ್ತಿಕೊಂಡು ಆಗಷ್ಟೇ ಕೆಲಸಕ್ಕೆ ಬಂದಿದ್ದಳು.

"ಕಾರು ನಿಲ್ಲಲಿಲ್ಲ," ಎಂದರು ಮೇಡಂ.

"ಬ್ರೇಕು ಒತ್ತಿದ್ರಾ?" ಎಂದು ಮಾಲೀಕರು ಕೇಳಿದರು.

"ನಿಮ್ಮ ಸ್ಕೂಲಿನ ಕಾರಲ್ಲಿ ಏನಾದ್ರೂ ಹತ್ರ ಬಂದ ತಕ್ಷಣ ತಾನೇ ನಿಂತುಬಿಡ್ತಿತ್ತು. ಅದು ಹಳೇ ಕಾರು. ಇದು ಹೊಸದು. ಹೊಸದರಲ್ಲೇ ಹೀಗಾದ್ರೆ ಮುಂದೆ ಹೇಗೆ?"

ಮಾಲೀಕರು ಬ್ರೇಕಕ್ಕನನ್ನು ನೋಡಿದರು. ಬ್ರೇಕಕ್ಕ ಕ್ಯಾಲೆಂಡರ್ ನೋಡಿದಳು. ಕೊನೆಗೆ ಮಾಲೀಕರು, ಕಾರನ್ನು ಒಮ್ಮೆ ಕಂಪನಿಯವರಿಗೆ ತೋರಿಸುವುದು ಒಳ್ಳೆಯದು ಎಂದು ಹೇಳಿ ಕಳಿಸಿದರು. ಮೇಡಂ ಹೋದ ಮೇಲೆ, ಅವರು ಒಬ್ಬರೇ ಹೊರಗೆ ಹೋಗಬಾರದಿತ್ತು ಎಂದು ಬ್ರೇಕಕ್ಕ ಹೇಳಿದಳು. ಅವಳಿಗೆ ಆ ಘಟನೆಯಿಂದ ತಿಳಿದದ್ದು ಅಷ್ಟೇ.

ಅವಳು ಇದ್ದದ್ದು ಅಣ್ಣ ಅತ್ತಿಗೆಯ ಜೊತೆ, ಏರಿನ ತುದಿಯ ಮನೆಯ ಹಿಂಬದಿ ಕೋಣೆಯಲ್ಲಿ. ಅಣ್ಣ ವಿಮೆ ಕಚೇರಿಯಲ್ಲಿ ಗುಮಾಸ್ತ. ಅಪಘಾತದ ಕಾಗದಗಳೆಲ್ಲ ಅವನ ಮೇಜಿಗೇ ಬರುತ್ತಿದ್ದವು. ಹೀಗಾಗಿ ಅವನಿಗೆ ಮನೆಯ ಮೆಟ್ಟಿಲು, ಒದ್ದೆ ನೆಲ, ತೆರೆದಿಟ್ಟ ಕಿಟಕಿ ಎಲ್ಲವೂ ಕಾಗದವಾಗಲು ಕಾಯುತ್ತಿರುವ ಹಾಗೆ ಕಾಣುತ್ತಿದ್ದವು. ಅತ್ತಿಗೆ ಏರಿನ ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಆಸ್ಪತ್ರೆಯ ಹಾಸುಬಟ್ಟೆ, ಲಾಡ್ಜುಗಳ ದಿಂಬಿನ ಚೀಲ, ಟವೆಲು. ಇಸ್ತ್ರಿ ಮೇಜಿನ ಮುಂದೆ ಇದ್ದದ್ದು ಗೋಡೆ. ಊರಿನಲ್ಲಿ ಯಾರು ಎಲ್ಲಿ ಮಲಗಿದರೂ ಅವರ ಕೆಳಗಿನ ಬಟ್ಟೆ ಅತ್ತಿಗೆಯ ಕೈ ದಾಟಿ ಹೋದದ್ದೇ. ಅವು ಹೋಗುವ ಜಾಗಗಳನ್ನು ಮಾತ್ರ ಅವಳು ನೋಡಿರಲಿಲ್ಲ. ಬಿಳಿ ಬಟ್ಟೆಯ ಮಡಿಕೆಗಳು ಎದುರಿಗೆ ಏರುತ್ತ ಹೋಗುತ್ತಿದ್ದವು, ಸಂಜೆಗೆ ವ್ಯಾನು ಬಂದು ಒಯ್ಯುತ್ತಿತ್ತು, ಬೆಳಿಗ್ಗೆ ಮತ್ತೆ ಗೋಡೆ ಕಾಣುತ್ತಿತ್ತು.

ಅತ್ತಿಗೆಗೂ ಲೈಸೆನ್ಸ್ ಇತ್ತು. ಕೊಡಿಸಿದ್ದು ಬ್ರೇಕಕ್ಕನೇ. ಮನೆಯಲ್ಲಿ ನಾದಿನಿಯನ್ನು "ನೀನು" ಎನ್ನುವ ಅತ್ತಿಗೆ, ಸ್ಕೂಲಿನ ಕಾರಿನೊಳಗೆ ಕೂತ ಕೂಡಲೇ "ಮೇಡಂ" ಎನ್ನುತ್ತಿದ್ದಳು, ಇಳಿದ ಮೇಲೆ ಮತ್ತೆ "ನೀನು". ಅವಳು ಕಾರು ಓಡಿಸಲು ಅಣ್ಣ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಪಕ್ಕದಲ್ಲಿ ತಂಗಿ ಇರಬೇಕು. ಆ ಷರತ್ತಿಗೆ ಬ್ರೇಕಕ್ಕ ಸಂತೋಷದಿಂದ ಒಪ್ಪಿದ್ದಳು. ಅತ್ತಿಗೆಯನ್ನು ಯಾರೂ ಕೇಳಿರಲಿಲ್ಲ.

ಈಗ ಲಾಂಡ್ರಿಯ ವ್ಯಾನಿನ ಡ್ರೈವರು ಮಗಳ ಊರಿಗೆ ಹೊರಟುನಿಂತಿದ್ದ. ಅತ್ತಿಗೆ ಯಜಮಾನಿಯ ಹತ್ತಿರ ಹೋಗಿ, ವ್ಯಾನು ತಾನು ಓಡಿಸುತ್ತೇನೆ ಎಂದಳು. ಯಜಮಾನಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ಹೊಸದಾಗಿ ಬಂದ ಯಂತ್ರವನ್ನು ನೋಡುವ ಹಾಗೆ.

"ಸೋಮವಾರ ಬೆಳಿಗ್ಗೆ ಬಂದು ಕೀಲಿ ತಗೋ. ಬರಲಿಲ್ಲ ಅಂದ್ರೆ ಹೊರಗಿನವನೊಬ್ಬ ಕೇಳ್ತಿದ್ದಾನೆ, ಅವನಿಗೆ ಕೊಡ್ತೀನಿ. ಆಮೇಲೆ ಅಳಬಾರದು."

ಅತ್ತಿಗೆ ಮನೆಗೆ ಬಂದು ಹೇಳಿದಳು. ಬ್ರೇಕಕ್ಕ ಮರುದಿನವೇ ವ್ಯಾನು ನೋಡಲು ಹೋದಳು. ಹಳೆಯ ಬಿಳಿ ವ್ಯಾನು. ಬಾಗಿಲು ತೆಗೆದು ನೋಡಿದರೆ ಓಡಿಸುವವರ ಪಕ್ಕದಲ್ಲಿ ಸೀಟೇ ಇಲ್ಲ. ಅದನ್ನು ಕಿತ್ತು ತಗಡಿನ ಶೆಲ್ಫು ಕೂರಿಸಿದ್ದರು, ನೆಲದಿಂದ ಸೂರಿನವರೆಗೆ.

"ಇದನ್ನ ತೆಗೆಸೋಕಾಗುತ್ತಾ?" ಎಂದು ಯಜಮಾನಿಯನ್ನು ಕೇಳಿದಳು.

"ತೆಗೆದ್ರೆ ದಿಂಬಿನ ಚೀಲ ಎಲ್ಲಿಡ್ಲಿ, ನಿನ್ನ ತಲೆ ಮೇಲಾ?"

"ಹಿಂದುಗಡೆ ಜಾಗ ಇದ್ರೆ ನಾನು ಮೂಟೆ ಮೇಲೆ ಕೂರ್ತೀನಿ."

"ಕೂತು?"

"ಹೇಳ್ತಾ ಇರ್ತೀನಿ."

"ಏನನ್ನ?"

ಬ್ರೇಕಕ್ಕ ಮತ್ತೊಮ್ಮೆ ಶೆಲ್ಫಿನ ಕಡೆ ನೋಡಿದಳು. ಯಜಮಾನಿ ಒಗೆದ ಹಾಸುಬಟ್ಟೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು ಇನ್ನೊಂದು ತುದಿ ತಾನು ಹಿಡಿದು ಮಡಚಿದಳು. "ನನಗೆ ವ್ಯಾನಿಗೆ ಒಬ್ಬರು ಬೇಕು. ಇಬ್ಬರು ಬೇಡ. ಒಬ್ಬರು ಓಡಿಸೋಕೆ, ಒಬ್ಬರು ಹೆದರೋಕೆ ಅಂತ ಇಟ್ಕೊಳ್ಳೋ ಶಕ್ತಿ ನನಗಿಲ್ಲ."

ಶುಕ್ರವಾರ ಸಂಜೆ ಊಟದ ಹೊತ್ತಿಗೆ ಮಾತು ಅಣ್ಣನವರೆಗೆ ಬಂತು.

"ನಾನು ಯಾರ ಸ್ವಾತಂತ್ರ್ಯಕ್ಕೂ ಅಡ್ಡ ಬರೋನಲ್ಲ," ಎಂದ ಅಣ್ಣ. ಅಡ್ಡ ಬರುವ ಮೊದಲು ಅವನು ಹೇಳುತ್ತಿದ್ದ ಮಾತು ಇದು. "ಆದರೆ ಕಲಿಸಿದವಳು ಇಲ್ಲೇ ಕೂತಿದ್ದಾಳೆ. ಅವಳೇ ಹೇಳಲಿ. ನಾನು ಏನೂ ಹೇಳಲ್ಲ. ಹೇಳು, ಇವಳಿಗೆ ಒಬ್ಬಳೇ ಓಡಿಸೋಕೆ ಬರುತ್ತಾ?"

ಬ್ರೇಕಕ್ಕನ ಕಣ್ಣ ಮುಂದೆ ಸೋಫಾ ಬಂತು. ಸೋಫಾದ ಮೇಲೆ ಪೇಪರ್ ಹಿಡಿದ ಮನುಷ್ಯ ಬಂದ.

"ಈಗಲೇ ಬೇಡ ಅನ್ಸುತ್ತೆ," ಎಂದಳು. "ಇನ್ನೊಂದಿಷ್ಟು ದಿನ ನಾನು ಪಕ್ಕದಲ್ಲಿ ಇದ್ರೆ..."

ಅತ್ತಿಗೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು. "ಇನ್ನೊಂದಿಷ್ಟು ದಿನ ಅಂದ್ರೆ?"

"ಅದು ಹೀಗೇ ಅಂತ ಹೇಳೋಕಾಗಲ್ಲ ಅತ್ತಿಗೆ."

"ಲೈಸೆನ್ಸಿನ ಫೋಟೋದಲ್ಲಿ ನನ್ನ ಕೂದಲು ಪೂರ್ತಿ ಕಪ್ಪಗಿದೆ. ನೋಡಿದ್ದೀಯಾ?"

ಅಣ್ಣ ತಟ್ಟೆ ನೋಡಿಕೊಂಡು, "ಕಲಿಸಿದವಳೇ ಹೇಳಿದ ಮೇಲೆ ಮುಗೀತಲ್ಲ," ಎಂದ. ಅವನ ದನಿಯಲ್ಲಿ ಗೆಲುವೇನೂ ಇರಲಿಲ್ಲ. ಒಂದು ಕಾಗದ ಕಡಿಮೆಯಾದ ನೆಮ್ಮದಿ ಇತ್ತು.

ಅತ್ತಿಗೆ ಜಗಳ ಮಾಡಲಿಲ್ಲ. ಅದರಿಂದ ಬ್ರೇಕಕ್ಕನಿಗೆ ಹಿಂಸೆಯಾಯಿತು. ಜಗಳವಾಗಿದ್ದರೆ ತಾನು ಹೇಳಿದ್ದು ಅತ್ತಿಗೆಯ ಒಳ್ಳೆಯದಕ್ಕೇ ಎಂದು ಹೇಳಲು ಒಂದು ಜಾಗ ಸಿಗುತ್ತಿತ್ತು.

ಶನಿವಾರ ಮಧ್ಯಾಹ್ನ ಅತ್ತಿಗೆ ಸ್ಕೂಲಿಗೆ ಬಂದಳು. ಮಾಲೀಕರಿಗೆ, "ಒಂದು ಕ್ಲಾಸ್ ಬೇಕು," ಎಂದಳು. ನಿಮಗೆ ಲೈಸೆನ್ಸ್ ಇದೆಯಲ್ಲ ಎಂದು ಅವರು ಕೇಳಿದ್ದಕ್ಕೆ, "ಇದೆ. ಅದು ಯಾರದು ಅಂತ ನೋಡಬೇಕಾಗಿದೆ," ಎಂದು ಹೇಳಿ ಹೋಗಿ ಸ್ಟೀರಿಂಗಿನ ಹಿಂದೆ ಕೂತಳು. ಬ್ರೇಕಕ್ಕ ಪಕ್ಕದಲ್ಲಿ ಬಂದು ಕೂತಳು.

"ಮೇಡಂ, ಒಂದು ಪ್ರಶ್ನೆ," ಎಂದಳು ಅತ್ತಿಗೆ, ಎದುರು ಗಾಜನ್ನು ನೋಡುತ್ತ. "ಇಷ್ಟು ದಿನದಲ್ಲಿ ಈ ಕಾರನ್ನ ನಾನು ಎಷ್ಟು ಸಲ ನಿಲ್ಲಿಸಿದ್ದೀನಿ?"

ಬ್ರೇಕಕ್ಕ ಯೋಚಿಸಿದಳು. ಕೆಲಸದ ವಿಷಯದಲ್ಲಿ ಅವಳು ಸುಳ್ಳು ಹೇಳುವವಳಲ್ಲ, ಕೇಳಿದರೆ ಹೇಳುತ್ತಿದ್ದಳು. ಈವರೆಗೆ ಯಾರೂ ಕೇಳಿರಲಿಲ್ಲ.

"ನಿಲ್ಲಿಸಿಲ್ಲ," ಎಂದಳು.

"ಒಂದು ಸಲಾನೂ?"

"ಅವಕಾಶ ಬಂದಿಲ್ಲ."

"ಅವಕಾಶ ಎಲ್ಲಿತ್ತು?"

ಬ್ರೇಕಕ್ಕ ಕೆಳಗೆ ನೋಡಿದಳು. ಅವಳ ಕಾಲು ಎಂದಿನಂತೆ ಎರಡನೆಯ ಬ್ರೇಕಿನ ಮೇಲೇ ಇತ್ತು.

"ಹಾಗಾದ್ರೆ ನನಗೆ ಓಡಿಸೋಕೆ ಬರಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಬ್ರೇಕಕ್ಕ ಲೆಕ್ಕ ಹಾಕಿದಳು. ಬರುತ್ತದೆ ಎಂದೂ ಗೊತ್ತಿಲ್ಲ, ಬರುವುದಿಲ್ಲ ಎಂದೂ ಗೊತ್ತಿಲ್ಲ. ಊರಿನ ತುಂಬ ಓಡಾಡುವ ತನ್ನ ಶಿಷ್ಯೆಯರಲ್ಲಿ ಯಾರ ಬಗ್ಗೆಯೂ ಗೊತ್ತಿಲ್ಲ.

"ಕಾಲು ಮೇಲೆ ತಗೊಳ್ಳಿ, ಮೇಡಂ."

"ಮೇಲೆ ಅಂದ್ರೆ?"

"ಸೀಟಿನ ಮೇಲೆ. ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊಳ್ಳಿ."

"ಶೂ ಇದೆ."

"ಬಿಚ್ಚಿ."

ಬ್ರೇಕಕ್ಕ ಶೂ ಬಿಚ್ಚಿದಳು. ಕಾಲು ಮಡಚಿ ಸೀಟಿನ ಮೇಲೆ ಕೂತಳು. ಮೊಣಕಾಲು ಒಂದು ಕಡೆ ಬಾಗಿಲಿಗೆ, ಇನ್ನೊಂದು ಕಡೆ ಗೇರಿಗೆ ತಾಗುತ್ತಿತ್ತು. ಗೇರಿನ ಕಡೆಯದನ್ನು ಅತ್ತಿಗೆ ಕೈಯಿಂದ ಪಕ್ಕಕ್ಕೆ ಸರಿಸಿ ಕಾರು ಹೊರಡಿಸಿದಳು.

ಮೊದಲ ತಿರುವಿನಲ್ಲಿ ಕಾರು ತೀರ ಮುಂಚೆಯೇ ನಿಂತಿತು. ಹಿಂದಿನವನು ಹಾರ್ನ್ ಹೊಡೆದ. ಎರಡನೆಯ ತಿರುವಿನಲ್ಲಿ ತೀರ ಥಟ್ಟನೆ ನಿಂತಿತು. ಬ್ರೇಕಕ್ಕನ ಹಣೆ ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳಕ್ಕೆ ತಾಗಿ ವಾಪಸು ಬಂತು. ಚೌಕದಲ್ಲಿ ಒಂದು ಬಸ್ಸು ಪಕ್ಕದಿಂದ ಬಂದಾಗ ಅವಳ ಮಡಚಿದ ಕಾಲಿನ ಬೆರಳುಗಳು ಒಮ್ಮೆಲೇ ಮುದುಡಿಕೊಂಡವು.

"ನಿಧಾನ, ಅತ್ತಿಗೆ, ನಿಧಾ..."

"ಬಾಯೂ ಮಡಚಿ ಇಟ್ಕೊಳ್ಳಿ, ಮೇಡಂ."

ಚೌಕದಲ್ಲಿದ್ದವರೆಲ್ಲ ನೋಡಿದರು. ಕುಂಡದೊಳಗೆ ಕೂರಿಸಿದ ಗಿಡದ ಹಾಗೆ ಕೂತಿದ್ದ ಬ್ರೇಕಕ್ಕ ಎದುರಿಗೆ ನೇರವಾಗಿ ನೋಡುತ್ತಿದ್ದಳು. ಅಂಗಡಿ ಬಾಗಿಲಲ್ಲಿದ್ದ ಒಬ್ಬ ಹಳೆಯ ಶಿಷ್ಯೆ ಕೈ ಎತ್ತಿದಳು, ಮತ್ತೆ ಏನನಿಸಿತೋ ಇಳಿಸಿದಳು.

ಊರನ್ನು ಒಂದು ಸುತ್ತು ಹಾಕಿ, ಆಸ್ಪತ್ರೆಯ ರಸ್ತೆ ಹಿಡಿದು, ಲಾಡ್ಜುಗಳಿರುವ ಓಣಿಯ ಕಡೆ ತಿರುಗಿದಾಗ ಬಿಸಿಲು ಇಳಿದಿತ್ತು. ಗೋಡೆಗಳ ಮೇಲೆ ಹಳದಿ ಬೆಳಕು ಉದ್ದಕ್ಕೆ ಮಲಗಿತ್ತು. ಅತ್ತಿಗೆ ವೇಗವನ್ನು ಕೊಂಚ ಹೆಚ್ಚು ಮಾಡಿದ್ದಳು. ಅವಳ ಭುಜಗಳು ಸಡಿಲವಾಗಿದ್ದವು. ಆಗ ಪಕ್ಕದ ಸಂದಿಯಿಂದ ಒಂದು ಏಣಿ ಹೊರಗೆ ಬಂತು. ಬರೀ ಏಣಿ. ಅದನ್ನು ಹೊತ್ತ ಬಣ್ಣ ಬಳಿಯುವವನು ಇನ್ನೂ ಸಂದಿಯ ಒಳಗಿದ್ದ.

ಬ್ರೇಕಕ್ಕ ಕಾಲನ್ನು ಕೆಳಕ್ಕೆ ಕಳಿಸಿದಳು. ಶೂ ಬಿಚ್ಚಿದ್ದು, ಕಾಲು ಮಡಚಿದ್ದು, ಯಾವುದೂ ಆ ಗಳಿಗೆಯಲ್ಲಿ ನೆನಪಿರಲಿಲ್ಲ. ಕಾಲು ಹೋಗಲಿಲ್ಲ. ಜೋಮು ಹಿಡಿದು ಅದು ಬೇರೆ ಯಾರದೋ ಕಾಲಾಗಿತ್ತು, ಅವಳ ತೊಡೆಯ ಕೆಳಗೆ ಯಾರೋ ಇಟ್ಟು ಮರೆತುಹೋದ ವಸ್ತುವಿನ ಹಾಗೆ ಬಿದ್ದಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಇಷ್ಟು ವರ್ಷ ಕಾರಿನಲ್ಲಿ ಕೂತು ಅವಳು ಕಣ್ಣು ಮುಚ್ಚಿದ್ದು ಅದೇ ಮೊದಲು.

ಕಣ್ಣು ತೆರೆದಾಗ ಕಾರು ನಿಂತಿತ್ತು. ಏಣಿಯ ತುದಿ ಬಾನೆಟ್ಟಿನ ಮೇಲೆ, ಗಾಜಿಗೆ ತುಸು ಈಚೆ, ಮೆಲ್ಲಗೆ ತೂಗುತ್ತಿತ್ತು.

ಬಣ್ಣದವನು ಸಂದಿಯಿಂದ ಈಚೆ ಬಂದ. "ಏನಮ್ಮಾ, ಇಷ್ಟುದ್ದ ಏಣಿ ಕಾಣಲ್ವಾ?"

"ಕಂಡಿದ್ದಕ್ಕೇ ನಿಂತಿದ್ದು," ಎಂದಳು ಅತ್ತಿಗೆ ಗಾಜು ಇಳಿಸಿ. "ನೀವು ಏಣಿ ತಗೊಂಡು ಹೋಗ್ತಿದ್ದೀರೋ, ಏಣಿ ನಿಮ್ಮನ್ನ ತಗೊಂಡು ಹೋಗ್ತಿದ್ಯೋ?"

ಅವನು ಬಗ್ಗಿ ಒಳಗೆ ನೋಡಿದ. "ಆ ಅಮ್ಮ ಏನು, ಧ್ಯಾನಕ್ಕೆ ಕೂತಿದ್ದಾರಾ?"

"ಪಾಠ ಮಾಡ್ತಿದ್ದಾರೆ."

ಅವನು ಏಣಿಯನ್ನು ತಿರುಗಿಸಿಕೊಂಡು ಹೋದ. ಕಾರು ನಿಂತಲ್ಲೇ ಇತ್ತು.

"ನೀವೇ ನಿಲ್ಲಿಸಿದ್ರಿ," ಎಂದಳು ಬ್ರೇಕಕ್ಕ.

ದಿನಕ್ಕೆ ಹಲವು ಸಲ ಅವಳು ಹೇಳುತ್ತಿದ್ದ ಮಾತೇ ಅದು. ಅತ್ತಿಗೆಗೆ ವ್ಯತ್ಯಾಸ ಗೊತ್ತಾಯಿತು. ಕಾರು ಬದಿಗೆ ಹಾಕಿ, ಈಚೆ ಬಂದು ಬಾಗಿಲು ತೆರೆದು, ನಾದಿನಿಯ ಕಾಲುಗಳನ್ನು ಒಂದೊಂದಾಗಿ ಹಿಡಿದು ನೆಲಕ್ಕಿಳಿಸಿದಳು. ಜೋಮು ಬಿಡುವವರೆಗೆ ಇಬ್ಬರೂ ರಸ್ತೆಯ ಬದಿಯಲ್ಲಿ ನಿಂತಿದ್ದರು. ಓಣಿಯ ಮೇಲ್ಗಡೆ ಒಂದು ಲಾಡ್ಜಿನ ಕಿಟಕಿಯಲ್ಲಿ ಬಿಳಿ ಹಾಸುಬಟ್ಟೆಯೊಂದನ್ನು ಯಾರೋ ಒದರುತ್ತಿದ್ದರು.

"ಅದು ನಂದು," ಎಂದಳು ಅತ್ತಿಗೆ. "ಮೂಲೆ ಮಡಿಕೆ ನೋಡಿದ್ರೆ ಗೊತ್ತಾಗುತ್ತೆ."

ಭಾನುವಾರ ಬೆಳಿಗ್ಗೆ ಬಂದ ಫೋನುಗಳಿಗೆ ಬ್ರೇಕಕ್ಕ ಬರುವುದಿಲ್ಲ ಎಂದಳು. ಮೈ ಸರಿಯಿಲ್ಲವಾ ಎಂದು ಕೇಳಿದವರಿಗೆ ಸರಿಯಿದೆ ಎಂದಳು. ಅದರಿಂದ ಅವರಿಗೆ ಇನ್ನೂ ಗಾಬರಿಯಾಯಿತು. ಆಮೇಲೆ ನಡೆದುಕೊಂಡು ಗ್ರಂಥಾಲಯದ ಮೇಡಂ ಮನೆಗೆ ಹೋದಳು. ಅವರು ಕಾರಿಗೆ ಹೊದಿಕೆ ಹಾಕಿ ಅದರ ಮೇಲೆ ಇಟ್ಟಿಗೆ ಇಟ್ಟಿದ್ದರು.

"ನಿಮ್ಮ ಕಾರಲ್ಲಿ ಏನೂ ತೊಂದರೆ ಇಲ್ಲ ಮೇಡಂ. ಸ್ಕೂಲಿನ ಕಾರು ತಾನೇ ನಿಲ್ತಿರಲಿಲ್ಲ. ನಾನು ಒತ್ತುತ್ತಿದ್ದೆ."

"ಎಲ್ಲ ಸಲಾನೂ?"

"ಎಲ್ಲ ಸಲಾನೂ."

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದ್ರೆ ಆ ಲೈಸೆನ್ಸ್ ನಿಮ್ಮ ಕಾಲಿಂದು. ಫೋಟೋ ಮಾತ್ರ ನಂದು."

"ಇನ್ನೊಂದು ಸಲ ಮೊದಲಿಂದ ಕಲಿಸ್ತೀನಿ. ಈ ಸಲ ಶೂ ಬಿಚ್ಚಿ ಕೂರ್ತೀನಿ."

ಶೂ ಯಾಕೆ ಎಂದು ಮೇಡಂ ಕೇಳಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎಂದರು. ಕೋಪ ಬಂದಿತ್ತು, ಆದರೆ ಚಹಾ ಕೊಟ್ಟರು.

ಮಧ್ಯಾಹ್ನ ಅಣ್ಣ ವರಾಂಡದಲ್ಲಿ ಉಗುರು ತೆಗೆಯುತ್ತ ಕೂತಿದ್ದ. ಕತ್ತರಿ ಜಾರಿದರೆ ಎಂದು ಕೆಳಗೆ ಪೇಪರ್ ಹಾಸಿಕೊಂಡಿದ್ದ. ಬ್ರೇಕಕ್ಕ ಎದುರಿಗೆ ಕೂತಳು.

"ಮೊನ್ನೆ ನಾನು ಹೇಳಿದ್ದು ತಪ್ಪು. ಅತ್ತಿಗೆ ವ್ಯಾನು ಓಡಿಸಬಹುದು."

"ನೀನು ಪಕ್ಕದಲ್ಲಿ ಇರ್ತೀಯ ತಾನೆ?"

"ಅಲ್ಲಿ ಸೀಟಿಲ್ಲ. ಇದ್ದಿದ್ರೂ ಕೂರ್ತಿರಲಿಲ್ಲ."

ಅಣ್ಣ ಕತ್ತರಿ ಕೆಳಗಿಟ್ಟ. "ಮೊನ್ನೆ ಬೇಡ ಅಂದೆ, ಇವತ್ತು ಆಗಬಹುದು ಅಂತೀಯ. ನಡುವೆ ಏನಾಯ್ತು?"

"ನಡುವೆ ಅವರು ಓಡಿಸಿದ್ರು. ಅಲ್ಲೀವರೆಗೆ ಓಡಿಸಿರಲಿಲ್ಲ."

"ನನ್ನ ಮೇಜಿಗೆ ದಿನಾ ಏನೇನು ಬರುತ್ತೆ ಗೊತ್ತಾ ನಿನಗೆ?"

"ಗೊತ್ತು. ಸರಿಯಾಗಿ ಮನೆ ಸೇರಿದವರು ಮಾತ್ರ ನಿನ್ನ ಮೇಜಿಗೆ ಬರಲ್ಲ, ಅಣ್ಣ."

ಇಷ್ಟು ವರ್ಷದ ಸರ್ವೀಸಿನಲ್ಲಿ ಅಂಥವರೂ ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲವೋ ಏನೋ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಅತ್ತಿಗೆ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಇಬ್ಬರಿಗೂ ಗೊತ್ತಿತ್ತು.

"ನಿನಗೆ ಹೆದರಿಕೆ ಇಲ್ವಾ?" ಎಂದ ತಗ್ಗಿದ ದನಿಯಲ್ಲಿ.

"ಇದೆ. ಅದಕ್ಕೇ ನಿನ್ನ ಹತ್ರ ಬಂದಿದ್ದು. ನಮ್ಮಿಬ್ಬರ ಹೆದರಿಕೆ ಅವರು ಯಾಕೆ ಹೊತ್ತುಕೊಂಡು ತಿರುಗಬೇಕು? ಹೊರೋಕೆ ಅವರಿಗೆ ಬಟ್ಟೆ ಮೂಟೆ ಇದೆ."

"ಏನಾದ್ರೂ ಆದ್ರೆ ನೀನೇ ಜವಾಬ್ದಾರಿ."

"ಹೂಂ."

ಅಷ್ಟು ಬೇಗ ಒಪ್ಪಿಗೆ ಬರುತ್ತದೆ ಎಂದು ಅವನು ಎಣಿಸಿರಲಿಲ್ಲ. ಇನ್ನೊಂದು ಷರತ್ತು ಹುಡುಕಿದ; ಸಿಗಲಿಲ್ಲ. ಕೊನೆಗೆ ಒಳಗೆ ಕೇಳುವ ಹಾಗೆ, "ನಾನು ಬೇಡ ಅಂತ ಯಾವಾಗ ಹೇಳಿದೆ?" ಎಂದು ಪೇಪರ್ ಮಡಚಿದ. ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು.

ಸೋಮವಾರ ಲಾಂಡ್ರಿಯ ಅಂಗಳದಲ್ಲಿ ಹಬೆ ಇನ್ನೂ ನೆಲ ಬಿಟ್ಟಿರಲಿಲ್ಲ. ವ್ಯಾನಿಗೆ ಮೂಟೆಗಳು ಏರಿದವು. ಶೆಲ್ಫಿನ ತುಂಬ ದಿಂಬಿನ ಚೀಲಗಳು ಸೂರಿನವರೆಗೆ ಕೂತವು. ಯಜಮಾನಿ ಕೀಲಿಯನ್ನು ಅತ್ತಿಗೆಯ ಅಂಗೈ ಮೇಲೆ ಹಾಕಿ, ಏನೂ ಹೇಳದೆ ಒಳಗೆ ಹೋದಳು. ಅವಳಿಗೆ ಬೇರೆ ಕೆಲಸವಿತ್ತು. ಇದು ಒಂದು ದೊಡ್ಡ ಉಪಕಾರವಾಯಿತು.

ಬ್ರೇಕಕ್ಕ ಸ್ಕೂಲಿಗೆ ಹೋಗುವ ದಾರಿಯಲ್ಲಿ ಬಂದು ನಿಂತಿದ್ದಳು. ಲಾಂಡ್ರಿ ಸ್ಕೂಲಿಗೆ ಹೋಗುವ ದಾರಿಯಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಅಣ್ಣನೂ ಕಾಣಿಸಿದ.

"ನೀವು ಯಾಕೆ ಬಂದ್ರಿ?" ಎಂದು ಅತ್ತಿಗೆ ಸ್ಟೀರಿಂಗಿನ ಹಿಂದಿನಿಂದಲೇ ಕೇಳಿದಳು.

"ಪರದೆ ಒಗೆಯೋಕೆ ಕೊಡಬೇಕಿತ್ತು."

"ಪರದೆ ಎಲ್ಲಿ?"

"ಮನೇಲಿ."

ಅತ್ತಿಗೆ ಕನ್ನಡಿ ಸರಿಮಾಡಿಕೊಂಡಳು. "ಇದರಲ್ಲಿ ಹಿಂದೆ ಏನೂ ಕಾಣಲ್ಲ, ಬರೀ ಮೂಟೆ," ಎಂದಳು. ದೂರಿನ ದನಿಯಲ್ಲ. ಪಕ್ಕದ ಕನ್ನಡಿಗಳನ್ನು ಅಗಲ ಮಾಡಿ ಎರಡು ಕಡೆಯೂ ಒಮ್ಮೆ ನೋಡಿದಳು. ಎಂಜಿನ್ ಶುರುವಾಯಿತು. ವ್ಯಾನು ಗೇಟಿನವರೆಗೆ ಹೋಗಿ ನಿಂತಿತು, ಸೈಕಲ್ಲಿನವನೊಬ್ಬ ದಾಟಿಹೋದ. ಆಮೇಲೆ ರಸ್ತೆಗಿಳಿದು, ಆಸ್ಪತ್ರೆಯ ಕಡೆ ಹೊರಳಿ, ತಿರುವಿನಲ್ಲಿ ಬಿಳಿ ಬೆನ್ನು ತೋರಿಸಿ ಮರೆಯಾಯಿತು.

ಅಣ್ಣ ತಂಗಿ ಅಂಗಳದಲ್ಲಿ ನಿಂತಿದ್ದರು. ಅಣ್ಣ ತಿರುವನ್ನೇ ನೋಡುತ್ತಿದ್ದ.

"ಆ ಕಡೆ ಏನಿದೆ?"

"ಇಳಿಜಾರು."

"ಇಳಿಜಾರಲ್ಲಿ ಏನಾದ್ರೂ ಅಡ್ಡ ಬಂದ್ರೆ?"

"ಅತ್ತಿಗೆ ನಿಲ್ಲಿಸ್ತಾರೆ."

"ನಿಲ್ಲಿಸದಿದ್ರೆ?"

"ನಿಲ್ಲಿಸದಿದ್ರೆ," ಎಂದಳು ಬ್ರೇಕಕ್ಕ, ಕೈಚೀಲವನ್ನು ಭುಜಕ್ಕೇರಿಸಿಕೊಂಡು, ವ್ಯಾನು ಹೋದ ದಿಕ್ಕಿಗೆ ಬೆನ್ನು ಹಾಕಿ, ಅಣ್ಣನನ್ನು ಅಲ್ಲೇ ಬಿಟ್ಟು ಗೇಟಿನ ಕಡೆ ನಡೆಯುತ್ತ, "ನಿಲ್ಲಿಸದಿದ್ರೆ ಅವರು ಮತ್ತೆ ಒತ್ತುತ್ತಾರೆ. ಬ್ರೇಕು ಇರೋದು ಅವರ ಕಾಲ ಹತ್ರ, ಅಣ್ಣ, ನಮ್ಮ ಹತ್ರ ಅಲ್ಲ."